ಎರಡು ಕಡೆಯಿಂದಲೂ ಜಲಜ

ಗೋಣಿಚೀಲದ ಮೇಲೆ ಬಳಿದ ಕಪ್ಪು ಬಣ್ಣ ಒಣಗುವಾಗ ಒಂದು ವಾಸನೆ ಏಳುತ್ತದೆ. ಅರ್ಧ ಡಾಂಬರು, ಅರ್ಧ ಸೀಮೆಎಣ್ಣೆ, ತಳದಲ್ಲಿ ಸೆಣಬಿನ ಧೂಳು. ಎಲ್ಲ ಕಡೆ ಪ್ಲಾಸ್ಟಿಕ್ ಚೀಲ ಬಂದ ಮೇಲೆ ಈ ವಾಸನೆ ಅಪರೂಪವಾಗಿದೆ. ಹಾಸನದಲ್ಲಿ ನಾನು ಬೆಳಗಿನ ಹೊತ್ತು ನಡೆಯುವ ಹಾದಿಯಲ್ಲಿ ಒಂದು ಮಂಡಿಯಿದೆ. ಹೋದ ತಿಂಗಳು ಅದರ ಮುಂದೆ ಹಳೆಯ ಕಾಲದ ಗೋಣಿಚೀಲಗಳನ್ನು ಸಾಲಾಗಿ ನಿಲ್ಲಿಸಿ, ತಗಡಿನ ಅಚ್ಚು ಇಟ್ಟು ಒಬ್ಬಾತ ನಂಬರು ಬಳಿಯುತ್ತಿದ್ದ. ನಡಿಗೆಯ ಮಧ್ಯೆ ನಿಲ್ಲುವವಳಲ್ಲ ನಾನು. ಐದಕ್ಕೆ ಏಳುವುದು, ಐದೂವರೆಗೆ ಹೊರಡುವುದು, ಆರೂವರೆಗೆ ಗೇಟು ಹಾಕುವುದು, ಇದು ಮಳೆ ಬಂದರೂ ತಪ್ಪುವುದಿಲ್ಲ. ಆ ದಿನ ನಿಂತೆ. ಕೊನೆಯ ಚೀಲದ ಮೇಲೆ 1331 ಎಂದಿತ್ತು. ಎಡದಿಂದ ಓದಿದೆ, ಬಲದಿಂದ ಓದಿದೆ. ಎಪ್ಪತ್ತು ದಾಟಿದ ಹೆಂಗಸು ಬೀದಿಯಲ್ಲಿ ಗೋಣಿಚೀಲ ನೋಡಿಕೊಂಡು ನಗುತ್ತಿರುವುದನ್ನು ಕಂಡು ಆತ, "ಏನಮ್ಮಾ, ಚೀಲ ಬೇಕಿತ್ತಾ?" ಎಂದ. ಬೇಡ ಎಂದೆ. ನನಗೆ ಬೇಕಿದ್ದದ್ದು ಅವನಲ್ಲಿರಲಿಲ್ಲ.

ಚನ್ನರಾಯಪಟ್ಟಣದಲ್ಲಿ ನಮ್ಮ ಮನೆ ಇದ್ದದ್ದು ತಾತನ ತೆಂಗಿನಕಾಯಿ ಮಂಡಿಯ ಹಿಂದೆ. ಮುಂದಿನ ಬಾಗಿಲು ಮಂಡಿಗೆ, ಹಿಂದಿನ ಬಾಗಿಲು ಅಂಗಳಕ್ಕೆ. ಅಂಗಳದ ಆಚೆ ಕಾಯಿ ಸುಲಿಯುವ ಜಾಗ, ಅದಕ್ಕೊಂದು ಉದ್ದನೆಯ ಸುಣ್ಣದ ಗೋಡೆ. ಮನೆಯೊಳಗೆ ಯಾವಾಗಲೂ ಒಣಕೊಬ್ಬರಿಯ ಸಿಹಿ ಮುಗ್ಗಲು, ತೆಂಗಿನ ಸಿಪ್ಪೆಯ ಹೊಗೆ, ತಾತನ ಹಣೆಯ ವಿಭೂತಿಯ ತಣ್ಣನೆಯ ವಾಸನೆ. ತಾತನ ಬದುಕು ಗೋಡೆಯ ಗಡಿಯಾರಕ್ಕೆ ಕಟ್ಟಿದ ಹಾಗಿತ್ತು. ಸ್ನಾನ, ಲಿಂಗಪೂಜೆ, ಕಾಫಿ, ಮಂಡಿಯ ಬಾಗಿಲು, ಊಟ, ಕಾಲು ಗಂಟೆ ಕಣ್ಣು ಮುಚ್ಚುವುದು, ಮತ್ತೆ ಮಂಡಿ. ಅವರು ಕೂಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ನೀರು ಬೇಕಾದರೂ, ಆಳನ್ನು ಗದರಬೇಕಾದರೂ ಅದೇ ಒಂದು ತಗ್ಗಿದ ದನಿ. ಆ ದನಿಗೆ ಮನೆಯಲ್ಲಿ ಎಲ್ಲರ ಕಿವಿಯೂ ಹೊಂದಿಕೊಂಡಿತ್ತು. ಶಾಲೆ ಬಿಟ್ಟು ಬಂದ ಮೇಲೆ ಚೀಲಗಳ ನಡುವೆ ಕೂತು ನಾನು ನಂಬರು ಓದುತ್ತಿದ್ದೆ. ಹಿಂದೆ ಮುಂದೆ ಒಂದೇ ಆಗಿರುವ ನಂಬರು ಸಿಕ್ಕರೆ ಓಡಿಹೋಗಿ ಜಲಜತ್ತೆಗೆ ಹೇಳಬೇಕು. ಅದು ನಮ್ಮಿಬ್ಬರ ಆಟ.

ಜಲಜತ್ತೆ ನನ್ನ ತಂದೆಯ ತಂಗಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮನೆಯಲ್ಲಿದ್ದಳು. ತೆಳ್ಳನೆಯ ಕೈ, ದಪ್ಪ ಜಡೆ, ನಗುವಾಗ ಮೂಗಿನ ತುದಿ ಕೆಂಪಾಗುತ್ತಿತ್ತು. ಆಟ ಶುರುವಾದದ್ದು ಅವಳ ಹೆಸರಿನಿಂದಲೇ. ಸ್ಲೇಟಿನ ಮೇಲೆ ಜ, ಲ, ಜ ಎಂದು ಬರೆದು ನನ್ನನ್ನು ಎದುರಿಗೆ ಕೂರಿಸಿ, "ಆ ಕಡೆಯಿಂದ ಓದು, ಈ ಕಡೆಯಿಂದ ಓದು. ಎಲ್ಲಿಂದ ಬಂದ್ರೂ ನಾನೇ ಸಿಗ್ತೀನಿ" ಎಂದಳು. ಆಮೇಲೆ ಮನೆಯೆಲ್ಲ ಹುಡುಕಿದೆವು. ಕಿಟಕಿ ಸಿಕ್ಕಿತು, ಚಮಚ ಸಿಕ್ಕಿತು, ಆಡುವ ಗಜ್ಜುಗ ಸಿಕ್ಕಿತು, ಜೇನುಹುಳ ಕಚ್ಚಿದ ದಿನ ಅಳುತ್ತಲೇ ಕುಟುಕು ಸಿಕ್ಕಿತು. ಪುಸ್ತಕದಲ್ಲಿರುವ ವಿಕಟಕವಿಯನ್ನು ಅತ್ತೆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. "ಅದು ಊರಿಗೆಲ್ಲ ಗೊತ್ತು, ನೀನೇ ಹುಡುಕಿದ್ದು ತಾ" ಎನ್ನುತ್ತಿದ್ದಳು. ಮಧ್ಯಾಹ್ನ ಕೊಬ್ಬರಿ ಬೆಲ್ಲಕ್ಕೆ ನಾನು ತಾತನ ಮುಂದೆ ಕೈಯೊಡ್ಡಿ "ತಾತ ತಾ, ತಾತ ತಾ" ಎನ್ನಲು ಕಲಿತದ್ದು ಅವಳಿಂದಲೇ. ತಾತ ಎಂದಿನಂತೆ ಒಂದು ಚೂರು ಕೊಡುತ್ತಿದ್ದರು. ಒಂದು ದಿನ ಕೊಟ್ಟ ಮೇಲೆ, "ಇದನ್ನ ಯಾರು ಹೇಳಿಕೊಟ್ರು, ಜಲಜಾನಾ?" ಎಂದರು. ನಮ್ಮ ಆಟ ಅವರಿಗೆ ತಿಳಿದಿತ್ತು. ಅಜ್ಜಿಗೆ ಮಾತ್ರ ಇದು ಸರಿಬರುತ್ತಿರಲಿಲ್ಲ. "ಉಲ್ಟಾ ಮಾತು ಮನೆಗಾಗಲ್ಲ ಕಣಮ್ಮಿ. ಸಾವಿನ ಮನೇಲಿ ಎಲ್ಲಾನೂ ಉಲ್ಟಾ ಮಾಡೋದು" ಎಂದು ಗೊಣಗುತ್ತಿದ್ದರು. ಅದಕ್ಕೆ ಅತ್ತೆ, "ಅವ್ವಾ, ಇದು ಉಲ್ಟಾ ಮಾಡಿದ್ರೂ ಉಲ್ಟಾ ಆಗದಿರೋ ಮಾತು. ಇದರಷ್ಟು ಶುಭ ಇನ್ನೊಂದಿಲ್ಲ" ಎಂದುಬಿಡುತ್ತಿದ್ದಳು.

ಅವಳನ್ನು ಅರಕಲಗೂಡಿನ ಕಡೆ ಒಂದು ದೊಡ್ಡ ಒಕ್ಕಲು ಮನೆಗೆ ಕೊಟ್ಟರು. ಜಮೀನು, ದನ, ಆಳುಕಾಳು ಎಲ್ಲ ಇದ್ದ ಮನೆ. ಅವರಲ್ಲಿ ಒಂದು ಪದ್ಧತಿ ಇತ್ತು. ಆ ಮನೆಗೆ ಹಿರಿಸೊಸೆಯಾಗಿ ಯಾರು ಬಂದರೂ ಅವಳ ಹೆಸರು ಗೌರಮ್ಮ. ವಂಶದ ಮೊದಲ ಹೆಂಗಸಿನ ಹೆಸರಂತೆ ಅದು. ಹೊಸಿಲು ದಾಟುವಾಗ ತೌರಿನ ಹೆಸರು ಹೊರಗೆ, ಗೌರಮ್ಮ ಒಳಗೆ. ಅತ್ತೆಯ ಅತ್ತೆಯೂ ಗೌರಮ್ಮ, ಅವರ ಅತ್ತೆಯೂ ಗೌರಮ್ಮ. ಹಿರಿಯಳಾದ ಅತ್ತೆಯ ಅತ್ತೆಯನ್ನು ದೊಡ್ಡವ್ವ ಎನ್ನುತ್ತಿದ್ದುದರಿಂದ ಗೊಂದಲವಿರಲಿಲ್ಲ. ಮದುವೆಯಲ್ಲಿ ನಮ್ಮ ಮನೆಯವರು ಇದನ್ನು ಕೇಳಿ ತಲೆಯಾಡಿಸಿದರು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಪದ್ಧತಿ, ಅದರಲ್ಲೇನು?

ಅಲ್ಲಿ ನಡೆದದ್ದನ್ನು ಅತ್ತೆ ನನಗೆ ನಗುತ್ತಲೇ ಹೇಳಿದ್ದಳು. ಹೋದ ಮೊದಲ ವಾರ ದೊಡ್ಡವ್ವ ಅಡುಗೆಮನೆಯಿಂದ "ಗೌರಮ್ಮಾ" ಎಂದು ಕೂಗಿದರೆ ಇವಳು ಯಾರನ್ನೋ ಕೂಗುತ್ತಿದ್ದಾರೆ ಎಂದು ಸುಮ್ಮನೆ ಹೂ ಕಟ್ಟುತ್ತಿದ್ದಳಂತೆ. ಹಿತ್ತಲಿನಿಂದ ಕೂಗಿದರೂ ಅಷ್ಟೆ, ಪಡಸಾಲೆಯಿಂದ ಕೂಗಿದರೂ ಅಷ್ಟೆ. ಹೊಸ ಹೆಸರು ಕಿವಿಗೆ ಇನ್ನೂ ಅಂಟಿರಲಿಲ್ಲ. ಆ ಮನೆಯವರು ಕೂತು ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು: ಹುಡುಗಿಗೆ ಕಿವಿ ಕೇಳಿಸುವುದಿಲ್ಲ. ಅಂದಿನಿಂದ ಮನೆಯಲ್ಲಿ ಎಲ್ಲರೂ ಅವಳ ಹತ್ತಿರ ಗಟ್ಟಿಯಾಗಿ ಕೂಗಿ ಮಾತಾಡತೊಡಗಿದರು. ಹೊಳೆನರಸೀಪುರದ ನಾಟಿ ವೈದ್ಯರಿಂದ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ತರಿಸಿ ಎರಡು ಕಿವಿಗೂ ದಿನಾ ಬಿಡತೊಡಗಿದರು. ಆಮೇಲೆ ಬಸ್ಸು ಹತ್ತಿಸಿ ಹಾಸನದ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಕಿವಿ ಸರಿಯಾಗಿದೆ ಎಂದರೆ ದೊಡ್ಡವ್ವ ನಂಬಲಿಲ್ಲ. "ಅಂಗಾರೆ ಕೂಗಿದ್ರೆ ಯಾಕ್ ತಿರುಗ್ ನೋಡಲ್ಲ?" ಎಂದು ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡರಂತೆ. "ಅಷ್ಟು ದೂರ ಕರ್ಕೊಂಡೋಗಿದ್ದಕ್ಕೆ ಒಂದು ಲಾಭ ಆಯ್ತು ನೋಡು ಪುಟ್ಟಿ" ಎಂದಳು ಅತ್ತೆ. "ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ನಲ್ಲ, ಒಂದು ಹೊಸದು ಸಿಕ್ತು. ಹಾಸನ ಸಹಾ. ಹಿಂದಿನಿಂದ ಓದು." ಓದಿದೆ. ಹಾಸನ ಸಹಾ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅವಳ ಕಿವಿಯ ಹತ್ತಿರ ಹೋದರೆ ಬೆಳ್ಳುಳ್ಳಿಯ ಕಮಟು ವಾಸನೆ ಇನ್ನೂ ಇತ್ತು. "ಮೊದಮೊದಲು ಗೊತ್ತಾಗ್ದೆ ತಿರುಗ್ಲಿಲ್ಲ" ಎಂದು ಕಿವಿ ಒರೆಸಿಕೊಳ್ಳುತ್ತಾ ಹೇಳಿದಳು. "ಆಮೇಲೆ ಗೊತ್ತಾಗೇ ತಿರುಗ್ಲಿಲ್ಲ." ಆಗ ಅವಳು ನಗುತ್ತಿರಲಿಲ್ಲ.

ಇದನ್ನು ಹೇಳಿದ್ದು ಮದುವೆಯಾದ ಎರಡನೇ ವರ್ಷ, ಗೌರಿಹಬ್ಬಕ್ಕೆ ಬಂದಾಗ. ಬಾಗಿನ ಆಯಿತು, ಗಣೇಶನನ್ನು ನೀರಿಗೆ ಬಿಟ್ಟದ್ದಾಯಿತು. ಅವಳು ಪೆಟ್ಟಿಗೆ ಕಟ್ಟಲಿಲ್ಲ. "ಹೋಗಲ್ಲ" ಎಂದಳು. ಅಷ್ಟೆ. ಅಜ್ಜಿ ಹಣೆ ಹಣೆ ಚಚ್ಚಿಕೊಂಡರು. "ಹೊಡೆದ್ರಾ? ಬೈದ್ರಾ? ಉಪವಾಸ ಕೆಡವಿದ್ರಾ? ಹೆಸರಿಗೋಸ್ಕರ ಗಂಡನ್ನ ಬಿಟ್ಟೋರು ಈ ಊರಲ್ಲಿ ಯಾರವ್ರೆ ಹೇಳು?" ಅತ್ತೆ ಒಲೆಗೆ ಸೌದೆ ತಳ್ಳುತ್ತಾ, "ಯಾರೂ ಇಲ್ದಿದ್ರೆ ನಾನಾಗ್ತೀನಿ" ಎಂದಳು. ತಾತ ಮಂಡಿಗೆ ಹೋದರು. ಎರಡು ದಿನ ಕಳೆದ ಮೇಲೆ, ಊಟ ಮುಗಿಸಿ ಕೈ ತೊಳೆಯುವಾಗ, "ದಸರಾಕ್ಕೆ ಮುಂಚೆ ಅವರು ಬರ್ತಾರೆ. ಬಂದಾಗ ಹೊರಡು" ಎಂದರು. ಅವರ ಮಾತಿಗೆ ಮನೆಯಲ್ಲಿ ಎರಡನೇ ಮಾತು ಇರಲಿಲ್ಲ. ಅತ್ತೆ ಹೋಗಬೇಕೋ ಇರಬೇಕೋ ಎಂಬುದು ಅಲ್ಲಿಗೆ ತೀರ್ಮಾನವಾಯಿತು ಎಂದೇ ಎಲ್ಲರೂ ತಿಳಿದರು. ನಾನು ಆ ವಾರ ಊಟ ಸರಿಯಾಗಿ ಮಾಡಲಿಲ್ಲ. ಅವಳು ಹೋದರೆ ಅಲ್ಲಿಗೆ ಹೋಗುವವಳು ಜಲಜತ್ತೆ ಅಲ್ಲ, ಇನ್ಯಾರೋ, ಎಂಬುದು ಐದನೇ ಕ್ಲಾಸಿನ ನನ್ನ ತಲೆಗೂ ಹೊಕ್ಕಿತ್ತು.

ಅವರು ಬರುವ ತನಕ ಅತ್ತೆ ನನಗೆ ಒಂದು ದೊಡ್ಡ ಲೆಕ್ಕ ಹಚ್ಚಿದಳು. ಯಾವುದಾದರೂ ಸಂಖ್ಯೆ ತೆಗೆದುಕೋ, ಅದನ್ನು ತಿರುಗಿಸಿ ಅದಕ್ಕೇ ಕೂಡು. ನಲವತ್ತೇಳಕ್ಕೆ ಎಪ್ಪತ್ತನಾಲ್ಕು ಕೂಡಿದರೆ ನೂರ ಇಪ್ಪತ್ತೊಂದು. ನೋಡು, ಎರಡು ಕಡೆಯಿಂದಲೂ ಒಂದೇ ಆಯಿತು. ಆಗದಿದ್ದರೆ ಬಂದದ್ದನ್ನು ಮತ್ತೆ ತಿರುಗಿಸು, ಮತ್ತೆ ಕೂಡು. ಹೆಚ್ಚಿನವು ಬೇಗ ಸಿಕ್ಕಿಬೀಳುತ್ತಿದ್ದವು. ನಾನು ಹಟಕ್ಕೆ ಬಿದ್ದು ಎಂಬತ್ತೊಂಬತ್ತು ಎಂದೆ. ಅದು ಸಿಗಲಿಲ್ಲ. ಸ್ಲೇಟು ತುಂಬಿತು. ಅಂಗಳದ ಆಚೆಯ ಸುಣ್ಣದ ಗೋಡೆಗೆ ಹೋದೆವು. ಚಿಪ್ಪಿನ ಇದ್ದಿಲು ಹಿಡಿದು ಅತ್ತೆ ಬರೆಯುತ್ತಿದ್ದಳು, ನಾನು ಬಾಯಲ್ಲಿ ಕೂಡುತ್ತಿದ್ದೆ. ಸಂಖ್ಯೆ ಒಂದೊಂದು ಸಾಲಿಗೂ ಉದ್ದವಾಗುತ್ತಾ ಹೋಯಿತು. ಕಾಯಿ ಸುಲಿಯುವ ಆಳುಗಳು ಕೆಲಸ ಬಿಟ್ಟು ನೋಡಿದರು. "ಅವ್ವೋರೆ, ಇದು ಯಾವ್ ಊರಿಗ್ ಓಯ್ತದೆ?" ಎಂದು ಒಬ್ಬ ಕೇಳಿದರೆ, "ವಾಪಸ್ ಬರೋ ಊರಿಗೆ" ಎಂದಳು. ಇದು ಎಂದಾದರೂ ಮುಗಿಯುತ್ತದೋ ಇಲ್ಲವೋ ಅವಳಿಗೂ ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ತಾತ ಬಂದು ನಿಂತರು. ಗೋಡೆಯ ಮೇಲೆ ಒಂದು ಗೆರೆ ಎಳೆದರೂ ಸಹಿಸದವರು. ನಮ್ಮಿಬ್ಬರ ಕೈಯೂ ಇದ್ದಿಲಿನಲ್ಲಿ ಕಪ್ಪಾಗಿತ್ತು. ಅವರು ಮೇಲಿನಿಂದ ಕೆಳಗೆ ಕಣ್ಣಾಡಿಸಿ, ಬೆತ್ತದ ತುದಿಯಿಂದ ನಡುವಿನ ಒಂದು ಸಾಲು ಮುಟ್ಟಿ, "ಇಲ್ಲಿ ದಶಕ ಕೂಡೋದು ಬಿಟ್ಟಿದೀಯ. ಇಲ್ಲಿಂದಾಚೆಗೆ ಎಲ್ಲಾ ತಪ್ಪು" ಎಂದು ಹೇಳಿ ಒಳಗೆ ಹೋದರು. ಅತ್ತೆ ಅಷ್ಟನ್ನೂ ಸೆರಗಿನಿಂದ ಒರೆಸಿ ಆ ಸಾಲಿನಿಂದ ಮತ್ತೆ ಶುರು ಮಾಡಿದಳು.

ಅರಕಲಗೂಡಿನವರು ಬಂದದ್ದು ಒಂದು ಸೋಮವಾರ, ಬೆಳಗಿನ ಬಸ್ಸಿಗೆ. ದೊಡ್ಡವ್ವ, ಅವರ ಮೈದುನ ಅಂದರೆ ಆ ಮನೆಯ ಯಜಮಾನರು, ಮತ್ತು ಅತ್ತೆಯ ಗಂಡ. ಮಾವ ಒಳ್ಳೆಯ ಮೈಕಟ್ಟಿನ, ಕಡಿಮೆ ಮಾತಿನ ಮನುಷ್ಯ. ತಂದ ಬಾಳೆಗೊನೆಯನ್ನು ಮೂಲೆಯಲ್ಲಿಟ್ಟು ಅದರ ಪಕ್ಕದಲ್ಲೇ ಕೂತರು. ಕಾಫಿ ಕುಡಿದ ಮೇಲೆ ಯಜಮಾನರು ತೊಡೆ ತಟ್ಟಿಕೊಂಡು ಶುರು ಮಾಡಿದರು.

"ನೋಡಿ ಸಾಮಿ, ಕಿವಿ ಕೇಳದ ಹುಡ್ಗೀನ ನಮ್ ತಲೆಗೆ ಕಟ್ಟಿದ್ರಿ. ನಾವೇನ್ ಊರ್ ತುಂಬಾ ಏಳ್ಕೊಂಡ್ ಬರ್ಲಿಲ್ಲ. ಔಸ್ದಿ ಮಾಡಿಸ್ದೊ. ಈಗ್ಲೂ ಕರ್ಕೊಂಡ್ ಓಗಕ್ಕೇ ಬಂದಿರಾದು. ನಮ್ದು ದೊಡ್ ಮನಸು ಕಣ್ರೀ."

ತಾತನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. "ನನ್ನ ಮಗಳಿಗೆ ಕಿವಿ ಕೇಳಲ್ವಾ?" ಎಂದರು. ಈ ವಿಷಯ ಅವರವರೆಗೆ ಯಾರೂ ಮುಟ್ಟಿಸಿರಲಿಲ್ಲ.

"ಈಗ್ಲೇ ತೋರುಸ್ತೀನಿ ತಡೀರಿ" ಎಂದು ಯಜಮಾನರು ಒಳಬಾಗಿಲಿನ ಕಡೆ ತಿರುಗಿದರು. ಅತ್ತೆ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ತುರಿಯುವ ಸದ್ದು ಪಡಸಾಲೆಗೆ ಚೆನ್ನಾಗಿ ಕೇಳುತ್ತಿತ್ತು. "ಗೌರಮ್ಮಾ!" ಎಂದು ಕೂಗಿದರು. ಸದ್ದು ನಿಲ್ಲಲಿಲ್ಲ. "ಲೇ ಗೌರಮ್ಮಾ!" ಮಂಡಿಯಲ್ಲಿದ್ದ ಆಳುಗಳು ಇಣುಕಿ ನೋಡಿದರು. ದೊಡ್ಡವ್ವನೂ ಸೇರಿಕೊಂಡು ಎತ್ತರದ ದನಿಯಲ್ಲಿ ಕರೆದರು. ಕಾಯಿ ತುರಿಯುವುದು ಒಂದೇ ಲಯದಲ್ಲಿ ನಡೆದೇ ಇತ್ತು. ಯಜಮಾನರು ಗೆದ್ದವರ ಹಾಗೆ ತಾತನ ಮುಖ ನೋಡಿದರು. "ಈಗೇನಂತೀರಿ?"

ತಾತ ಲೋಟವನ್ನು ಕೆಳಗಿಟ್ಟರು. ಬಾಗಿಲಿನ ಕಡೆ ತಿರುಗಲೂ ಇಲ್ಲ. ನೀರು ಕೇಳುವ ದನಿಯಲ್ಲಿ, "ಜಲಜ" ಎಂದರು.

ಸದ್ದು ನಿಂತಿತು. "ಏನಪ್ಪಾ?" ಎಂಬ ಉತ್ತರ ಬಂತು. ಹಿಂದೆಯೇ ಸೆರಗಿಗೆ ಕೈಯೊರೆಸುತ್ತಾ ಅತ್ತೆ ಬಾಗಿಲಿಗೆ ಬಂದು ನಿಂತಳು. ಮುಂಗೈ ಮೇಲೆ ಕಾಯಿತುರಿ ಅಂಟಿತ್ತು. ಮೊದಲು ಬಾಯಿ ಬಂದದ್ದು ದೊಡ್ಡವ್ವನಿಗೆ. ಎರಡೂ ಕೈಯನ್ನು ಕೆನ್ನೆಗಿಟ್ಟುಕೊಂಡು, "ಅಯ್ಯೋ ಶಿವನೇ, ಕಿವಿ ಬಂದ್ಬುಡ್ತು! ಒಳೆನರಸೀಪುರದ್ ಎಣ್ಣೆ ಕೆಲ್ಸ ಮಾಡೈತೆ!" ಎಂದರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದು ಅಳುವೋ ನಗುವೋ ನನಗೆ ಇಂದಿಗೂ ಗೊತ್ತಿಲ್ಲ.

"ಎಣ್ಣೆ ಅಲ್ಲ ಕಣಮ್ಮ" ಎಂದರು ತಾತ. "ನಿಮ್ಮನೇಲಿ ಎರಡು ವರ್ಷ ಇದ್ಲು. ನೀವು ಇವಳನ್ನ ಒಂದು ಸಲಾನೂ ಕರೀಲಿಲ್ಲ."

ಆಗ ಮಾವ ಎದ್ದು ನಿಂತರು. ಆ ದಿನ ಅವರು ಆಡಿದ ಮೊದಲ ಮಾತು ಅದು. "ಜಲಜ, ಓಗಾನಾ?" ಎಂದರು, ಮೆಲ್ಲಗೆ. ಆ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಅತ್ತೆಯ ಮುಖ ಕ್ಷಣ ಹೊತ್ತು ಸಡಿಲಿತು. ಅವಳು ಹೂಂ ಎಂದುಬಿಡುತ್ತಾಳೆ ಎಂದು ನಾನು ಕಂಬ ಹಿಡಿದುಕೊಂಡೆ.

"ನಿಮಗೂ ಈ ಹೆಸರು ಗೊತ್ತಿತ್ತಲ್ಲ" ಎಂದಳು. "ಗೊತ್ತಿದ್ದೂ ನನ್ನ ಕಿವಿಗೆ ಎಣ್ಣೆ ಬಿಡೋವಾಗ ತಲೆ ಹಿಡ್ಕೊಂಡು ಕೂತಿದ್ರಿ."

ಮಾವ ಕೂತರು. ತಾತ ಗಡಿಯಾರ ನೋಡಿ, "ಊಟದ ಹೊತ್ತಾಯ್ತು. ಎಲೆ ಹಾಕಿ" ಎಂದರು. ಅವರ ಬಸ್ಸು ಸಂಜೆಗೆ. ಹಾಗಾಗಿ ಎಲ್ಲರೂ ಕೂತು ಉಂಡರು. ಅತ್ತೆಯೇ ಬಡಿಸಿದಳು. ಯಜಮಾನರು ಎರಡು ಸಲ ಮುದ್ದೆ ಹಾಕಿಸಿಕೊಂಡರು. "ಬೇಕಾ?" ಎಂದು ಅವಳು ಕೇಳಿದಾಗ ತಲೆಯೆತ್ತದೆ ಕೈ ಮಾತ್ರ ಆಡಿಸಿದರು. ಗೌರಮ್ಮ ಎನ್ನಲು ಆಗದು, ಜಲಜ ಎನ್ನಲು ಬಾರದು. ಮುಂದಿನ ವರ್ಷವೇ ಆ ಮನೆಗೆ ಇನ್ನೊಬ್ಬ ಗೌರಮ್ಮ ಬಂದಳು.

ಎಂಬತ್ತೊಂಬತ್ತರ ಲೆಕ್ಕ ಮುಗಿದದ್ದು ದಸರಾ ರಜೆಯಲ್ಲಿ. ಇಪ್ಪತ್ತಕ್ಕೂ ಹೆಚ್ಚು ಸಲ ತಿರುಗಿಸಿ ಕೂಡಿದ ಮೇಲೆ, ಗೋಡೆಯ ಬುಡದಲ್ಲಿ, ಮೊಣಕಾಲೂರಿ ಬರೆಯಬೇಕಾದ ಜಾಗದಲ್ಲಿ ಅದು ಬಂತು: 8813200023188. ಅತ್ತೆ ಎಡದಿಂದ ಬೆರಳಿಟ್ಟಳು, ನಾನು ಬಲದಿಂದ ಬೆರಳಿಟ್ಟೆ. ಒಂದೊಂದೇ ಅಂಕಿ ಹೇಳುತ್ತಾ ನಡುವಿನ ಸೊನ್ನೆಯ ಹತ್ತಿರ ಇಬ್ಬರ ಬೆರಳೂ ತಾಕಿದವು. ಅವಳು ಗೋಡೆಗೆ ಒರಗಿ ಜೋರಾಗಿ ಅತ್ತಳು. ಅತ್ತು ಮುಗಿಸಿ ಮುಖ ತೊಳೆದು ಕಾಫಿಗೆ ನೀರಿಟ್ಟಳು. ದೀಪಾವಳಿಗೆ ಸುಣ್ಣ ಹೊಡೆಸುವಾಗ ತಾತ ಆ ಗೋಡೆಗೂ ಹೊಡೆಸಿದರು. ನಿಯಮವೆಂದರೆ ನಿಯಮ. ಆದರೆ ಅದೇ ವಾರ ಅವಳ ಟೀಚರ್ ಟ್ರೈನಿಂಗ್ ಅರ್ಜಿಯನ್ನು ತಾವೇ ಹೋಗಿ ತಂದುಕೊಟ್ಟರು. ಅವಳು ನಮ್ಮ ಹೊಲವಿದ್ದ ಬಾಗೂರಿನಲ್ಲಿ ಟೀಚರಾಗಿ ನಿವೃತ್ತಿಯಾಗುವವರೆಗೂ ಪಾಠ ಮಾಡಿದಳು. ಶಾಲೆ ಸೇರುವ ಮಕ್ಕಳನ್ನು ಮೊದಲ ದಿನ ಎಲ್ಲರೂ ಅಳಿಸಿದರೆ ಇವಳು ಹೆಸರು ತಿರುಗಿಸಿ ಕೂಗಿ ನಗಿಸುತ್ತಿದ್ದಳು. ನಾನು ನರ್ಸಾದೆ. ವಾರ್ಡಿನಲ್ಲಿ ರೋಗಿಯನ್ನು ಹಾಸಿಗೆ ನಂಬರು ಹಿಡಿದು ಕೂಗಲು ನನ್ನ ಕೈಕೆಳಗಿನ ಒಬ್ಬ ಹುಡುಗಿಗೂ ಬಿಟ್ಟಿಲ್ಲ. ಅದಕ್ಕೆ ನನ್ನನ್ನು ಮಿಲಿಟರಿ ಎನ್ನುತ್ತಿದ್ದರು. ಎನ್ನಲಿ.

ಆ ಮನೆ ಈಗಿಲ್ಲ. ಮಂಡಿ ಇದ್ದ ಕಡೆ ಮೊಬೈಲು ಅಂಗಡಿ, ಚಪ್ಪಲಿ ಅಂಗಡಿ, ಮೇಲೊಂದು ಲಾಡ್ಜು. ಸುಣ್ಣದ ಗೋಡೆ ಇದ್ದಲ್ಲಿ ಸ್ಕೂಟರು ನಿಲ್ಲಿಸುತ್ತಾರೆ. ನಿಮ್ಮದೂ ಇಂಥ ಒಂದು ಮನೆ ಹೋಗಿರುತ್ತದೆ. ಎಲ್ಲ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವವರ ಜೊತೆ ನಾನು ಸೇರುವುದಿಲ್ಲ. ಆ ಮನೆ ಅವಳನ್ನು ಕಳಿಸಿಯೇ ಬಿಡುತ್ತಿತ್ತು. ಬಂದವರು ಕಾಫಿ ಕುಡಿದು ಸುಮ್ಮನೆ ಎದ್ದಿದ್ದರೆ, ಯಜಮಾನರ ಬಾಯಿಂದ ಕಿವಿಯ ಆ ಒಂದು ಮಾತು ಬಾರದಿದ್ದರೆ, ಅಜ್ಜಿ ಮಡಿಲು ತುಂಬಿ ಬಸ್ಸು ಹತ್ತಿಸುತ್ತಿದ್ದರು, ತಾತ ಗಡಿಯಾರ ನೋಡುತ್ತಿದ್ದರು. ನನಗೆ ಬೇಕಿರುವುದು ಮನೆಯಲ್ಲ. ತಿರುಗಿ ನೋಡದೆ ಕಾಯಿ ತುರಿಯುತ್ತಿದ್ದ ಆ ಕೈ ಬೇಕು. ಈಗಲೂ ಬಸ್ಸಿನ ನಂಬರು, ಗಡಿಯಾರದ ಅಂಕಿ, ಅಂಗಡಿ ಬೋರ್ಡು ಎಲ್ಲವನ್ನೂ ಎರಡು ಕಡೆಯಿಂದ ಓದುತ್ತೇನೆ. ವಯಸ್ಸಾದವರ ಮಿದುಳಿಗೆ ಒಳ್ಳೆಯ ವ್ಯಾಯಾಮ ಎಂದು ಮೊಮ್ಮಗಳು ಹೊಗಳುತ್ತಾಳೆ. ವ್ಯಾಯಾಮಕ್ಕೆ ನಾನು ನಡೆಯುತ್ತೇನೆ. ಇದು ಖುಷಿಗೆ.

ಅತ್ತೆ ತೀರಿಕೊಂಡದ್ದು ಹೋದ ವರ್ಷ. ಬಾಗೂರಿನ ನಮ್ಮ ಹೊಲದಲ್ಲೇ ಸಮಾಧಿ ಮಾಡಿದೆವು. ಕಲ್ಲು ನಿಲ್ಲಿಸುವ ಮಾತು ಬಂದಾಗ ನನ್ನ ತಮ್ಮನ ಮಗ ಮಹೇಶ ಒಂದು ಚೀಟಿ ತೋರಿಸಿದ. ಶ್ರೀಮತಿ ಗೌರಮ್ಮ ಉರುಫ್ ಜಲಜಮ್ಮ, ಕೆಳಗೆ ಗಂಡನ ಹೆಸರು, ಅದರ ಕೆಳಗೆ ಅರಕಲಗೂಡು. ಒಳ್ಳೆಯ ಹುಡುಗ, ಕೆಟ್ಟದ್ದೇನೂ ಯೋಚಿಸಿರಲಿಲ್ಲ. "ನಾಳೆ ನೋಡಿದೋರು ಕೇಳ್ತಾರೆ ದೊಡ್ಡತ್ತೆ. ಆ ಕಡೆಯೋರಿಗೂ ಬೇಜಾರಾಗಬಾರದು" ಎಂದ. ನಾನು ಪೆನ್ನು ತೆಗೆದು ಎಲ್ಲವನ್ನೂ ಹೊಡೆದು ಹಾಕಿ ಮೂರಕ್ಷರ ಮಾತ್ರ ಉಳಿಸಿದೆ.

"ಬರೀ ಜಲಜ ಅಂತಾನಾ? ಅಮ್ಮನೂ ಇಲ್ಲ, ಶ್ರೀಮತಿನೂ ಇಲ್ಲ. ಯಾರೋ ಚಿಕ್ಕ ಹುಡುಗಿ ಅಂದ್ಕೋತಾರೆ."

"ಅಂದ್ಕೊಳ್ಳಲಿ."

ಅವನು ಇನ್ನೂ ಏನೋ ಹೇಳಲು ಹೊರಟ. ನಾನು ಚೀಟಿಯನ್ನು ಕಲ್ಲು ಕೆತ್ತುವವನ ಕೈಗೇ ಕೊಟ್ಟೆ. ಸಂಜೆಯೊಳಗೆ ಕೆಲಸ ಮುಗಿಯಿತು. ರಾಗಿ ಪೈರಿನ ನಡುವೆ ಆ ಕಲ್ಲು ಬೆಳ್ಳಗೆ ನಿಂತಿದೆ. ಅವಳನ್ನು ಹೆಸರಿಟ್ಟು ಕರೆದವರೆಲ್ಲ ಹೋಗಿಯಾಗಿದೆ, ನಾನೊಬ್ಬಳು ಉಳಿದಿದ್ದೇನೆ. ನಾನೂ ಹೋದ ಮೇಲೆ ಅದು ಯಾರ ಹೆಸರು ಎಂದು ಹೇಳುವವರು ಇರುವುದಿಲ್ಲ. ಇರದಿದ್ದರೆ ಬೇಡ. ಹೊಲದ ಬದುವಿನ ಮೇಲೆ ಹೋಗುವವರು ಆ ಕಡೆಯಿಂದ ಬಂದರೂ ಓದಿಕೊಳ್ಳುತ್ತಾರೆ, ಈ ಕಡೆಯಿಂದ ಬಂದರೂ ಓದಿಕೊಳ್ಳುತ್ತಾರೆ. ಬೇರೆ ಹೆಸರು ಅಲ್ಲಿ ಯಾರಿಗೂ ಸಿಗುವುದಿಲ್ಲ.